ಉಟ್ಟು ಹಳೆಯದಾದ ಸೀರೆಗಳ ಕೌದಿ: ಬಾಗಲಕೋಟೆಯ ಒಂದು ಪಡಸಾಲೆಯ ಕೆಲಸ

ಬಾಗಲಕೋಟೆಯ ಹಳೆ ಊರಿನಲ್ಲಿ ಅತ್ತೆ ಸೊಸೆ ಇಬ್ಬರು ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಕೌದಿ, ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿದ ಹಾಸಿಗೆ ಹೊದಿಕೆ, ಹೊಲಿದುಕೊಡುತ್ತಾರೆ. ಬಾಗಿಲಿಗೆ ಬೋರ್ಡಿಲ್ಲ, ಅಂಗಡಿಗೊಂದು ಹೆಸರಿಲ್ಲ, ಬಿಲ್ಲು ಕೊಡುವ ಪದ್ಧತಿಯೂ ಇಲ್ಲ. ಅವರಲ್ಲಿ ಹೊಲಿಸಿದ ಕೌದಿಯನ್ನು ಒಂದು ಚಳಿಗಾಲ ಮತ್ತು ಒಂದು ಬೇಸಿಗೆ ಪೂರ್ತಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಾಸಿಗೆ ಹೊದಿಕೆಯ ಗುಣ ಮೊದಲ ವಾರದಲ್ಲಿ ತಿಳಿಯುವುದಿಲ್ಲ. ಎರಡು ಸಲ ಒಗೆದು ಒಣಗಿಸಿದ ಮೇಲೆಯೇ ಅದರ ಬಗ್ಗೆ ಮಾತನಾಡಬೇಕು.

ನಾನು ಅಲ್ಲಿಗೆ ಹೋದ ಕಾರಣವನ್ನು ಮೊದಲು ಹೇಳಬೇಕು, ಏಕೆಂದರೆ ಈ ಕೆಲಸದ ಬೆಲೆ ನನಗೆ ಗೊತ್ತಾದದ್ದು ಆ ಕಾರಣದಿಂದಲೇ. ಕಳೆದ ದಸರೆಯ ಸಮಯದಲ್ಲಿ ಫೋನಿನ ಆ್ಯಪಿನೊಳಗೆ 3,499 ರೂಪಾಯಿಯ ಕಂಫರ್ಟರ್ ಒಂದನ್ನು ಆರಿಸಿಟ್ಟಿದ್ದೆ. ಅದರ ಕೆಳಗೆ ಗಡಿಯಾರವೊಂದು ಹಿಂದಕ್ಕೆ ಓಡುತ್ತಿತ್ತು, ಪಕ್ಕದಲ್ಲಿ 'ಇನ್ನು ಎರಡೇ ಉಳಿದಿವೆ' ಎಂದು ಕೆಂಪು ಅಕ್ಷರದಲ್ಲಿತ್ತು. ಮರುದಿನ ನೋಡಿದರೂ ಎರಡೇ ಉಳಿದಿದ್ದವು, ಅದರ ಮರುದಿನವೂ ಎರಡೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿದ್ದು, ಅವುಗಳಲ್ಲಿ ಮೊದಲನೆಯದೇ ಈ ಸುಳ್ಳು ಅವಸರ. ನಿಯಮವಿದೆ ಎಂಬುದು ನನಗೆ ಗೊತ್ತಿತ್ತು. ಆದರೂ ಆ ಗಡಿಯಾರ ಕಂಡಾಗ ಬೆರಳು ತಾನಾಗಿಯೇ ಪರದೆಯ ಮೇಲೆ ಹೋಗುತ್ತಿತ್ತು. ಗೊತ್ತಿರುವುದು ಬೇರೆ, ತಡೆದುಕೊಳ್ಳುವುದು ಬೇರೆ.

ಆ ರಾತ್ರಿ ಹಣ ಕಟ್ಟುವ ಮುಂಚೆ ಎದ್ದು ಹೋಗಿ ಕಪಾಟು ತೆರೆದು ಎಣಿಸಿದೆ. ಸೀರೆಗಳು 61. ಹಾಸುವ ಚಾದರಗಳು 14. ಹೊದೆಯುವ ಕಂಬಳಿ, ರಗ್ಗು, ದುಪ್ಪಟಿಗಳು 9. ಮೂರು ವರ್ಷದ ಹಿಂದೆ 2,799 ರೂಪಾಯಿ ಕೊಟ್ಟು ತಂದ ಇನ್ನೊಂದು ಕಂಫರ್ಟರ್ ಮೇಲಿನ ಅಟ್ಟದಲ್ಲಿ ಅದರದೇ ಪ್ಲಾಸ್ಟಿಕ್ ಚೀಲದೊಳಗಿತ್ತು. ನಮ್ಮ ಮನೆಯಲ್ಲಿ ಮಲಗುವವರು ನಾಲ್ಕು ಜನ. ಆ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿದಾಗ ನನಗೆ ಅನ್ನಿಸಿದ್ದು ನಾಚಿಕೆಗಿಂತ ಹೆಚ್ಚಾಗಿ ಆಶ್ಚರ್ಯ. ಇಷ್ಟು ಬಟ್ಟೆ ನನ್ನ ಕೈಯಿಂದಲೇ ಮನೆಗೆ ಬಂದಿದೆ, ಆದರೆ ಅರ್ಧದಷ್ಟನ್ನು ತಂದ ನೆನಪೇ ನನಗಿರಲಿಲ್ಲ.

ನಮ್ಮ ಕಡೆ ಹಳೆ ಬಟ್ಟೆ ಕಡಿಮೆ ಮಾಡಲು ಸುಲಭದ ದಾರಿಯೊಂದಿದೆ. ಬಾಗಿಲಿಗೆ ಬರುವ ಪಾತ್ರೆಯವರಿಗೆ ಹಳೆ ಬಟ್ಟೆಯ ಗಂಟು ಕೊಟ್ಟರೆ ಸ್ಟೀಲಿನ ಬುಟ್ಟಿಯೋ ಡಬ್ಬಿಯೋ ಸಿಗುತ್ತದೆ. ಎಷ್ಟೋ ವರ್ಷ ನಾನೂ ಅದನ್ನೇ ಮಾಡಿದ್ದೇನೆ. ಆದರೆ ಕಪಾಟಿನಲ್ಲಿ ಖಾಲಿಯಾದ ಜಾಗ ಮತ್ತೆ ಹೊಸ ಸೀರೆಯನ್ನು ಕರೆಯುತ್ತದೆ, ಅಡುಗೆಮನೆಯಲ್ಲಿ ಬೇಡದ ಡಬ್ಬಿಯೊಂದು ಹೆಚ್ಚಾಗುತ್ತದೆ. ಹಳೆಯದನ್ನು ಕೊಟ್ಟೆ ಎಂಬ ಸಮಾಧಾನವೇ ಹೊಸದನ್ನು ತರಲು ಪರವಾನಗಿಯಾಗಿಬಿಡುತ್ತದೆ. ಈ ಸಲ ಹಾಗಾಗಬಾರದು ಎಂದುಕೊಂಡಾಗ ಅಟ್ಟದ ಮೇಲಿದ್ದ ನಮ್ಮ ಅತ್ತೆಯವರ ಟ್ರಂಕಿನ ನೆನಪಾಯಿತು.

ಆ ಟ್ರಂಕಿನ ಕಥೆ ಬಾಗಲಕೋಟೆಯ ಅನೇಕ ಮನೆಗಳ ಕಥೆಯೇ. ಆಲಮಟ್ಟಿ ಜಲಾಶಯದಲ್ಲಿ ಸಮುದ್ರ ಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸುವ ಯೋಜನೆಯಿಂದ ಹಳೆ ಊರಿನ ದೊಡ್ಡ ಭಾಗ ಮುಳುಗಡೆಯಾಗಿ, ಜನ ನವನಗರದ ಸೆಕ್ಟರುಗಳಿಗೆ ಬಂದರು. ಬರುವಾಗ ಕಿಟಕಿ ಬಾಗಿಲು, ತೊಲೆಗಳನ್ನು ಕಿತ್ತು ತಂದವರಿದ್ದಾರೆ. ನಮ್ಮ ಅತ್ತೆ ಗಾಡಿಯ ತಳದಲ್ಲಿ ಹಾಸಿ ತಂದದ್ದು ಐದು ಕೌದಿಗಳನ್ನು. ಅವುಗಳ ಮೇಲೆ ಗಡಿಗೆ, ಬೀಸುಕಲ್ಲು, ದೇವರ ಫೋಟೋ ಎಲ್ಲವೂ ಬಂದವಂತೆ, ಒಂದೂ ಒಡೆಯಲಿಲ್ಲವಂತೆ. ಐದರಲ್ಲಿ ಎರಡು ಇಂದಿಗೂ ಇವೆ. ಅವರು ತೀರಿಕೊಂಡ ಮೇಲೆ ಅವರ ಸೀರೆಗಳು, ಮಾವನವರ ಧೋತರಗಳು ಟ್ರಂಕಿನಲ್ಲೇ ಉಳಿದಿದ್ದವು, ಯಾರಿಗೂ ಕೊಡಲು ಮನಸ್ಸು ಬಂದಿರಲಿಲ್ಲ.

ಮೊದಲ ಸಲ ಹೋದಾಗ ನಾನು ಹನ್ನೊಂದು ಬಟ್ಟೆಗಳ ಗಂಟು ಒಯ್ದಿದ್ದೆ. ಹಿರಿಯಾಕೆ ಒಂದೊಂದನ್ನೇ ಬಿಚ್ಚಿ, ಬೆಳಕಿಗೆ ಹಿಡಿದು, ಮುಷ್ಟಿಯಲ್ಲಿ ಹಿಚುಕಿ ಬಿಟ್ಟು ನೋಡಿದರು. ಸಂಶಯ ಬಂದ ಬಟ್ಟೆಯ ಅಂಚಿನಿಂದ ಒಂದು ಎಳೆ ಎಳೆದು ಕಡ್ಡಿ ಗೀರಿ ಸುಟ್ಟರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಎಳೆ ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಂತೆ ಉಳಿಯುತ್ತದೆ. ನಾನು ಹತ್ತಿಯೆಂದೇ ತಿಳಿದು ಉಡುತ್ತಿದ್ದ ಎರಡು ಸೀರೆಗಳು ಮಣಿಯಾದವು. 'ಇವು ದಾರ ಹಿಡಿಯಾಂಗಿಲ್ರಿ ಅಕ್ಕಾರ, ಒಳಗಿಂದೊಳಗ ಜಾರತಾವು. ಬೆವರೂ ಹೀರಾಂಗಿಲ್ಲ' ಎಂದು ಪಕ್ಕಕ್ಕಿಟ್ಟರು. ಹನ್ನೊಂದರಲ್ಲಿ ಏಳು ಮಾತ್ರ ಪಾಸಾದವು: ಅತ್ತೆಯವರ ಎರಡು ಇಳಕಲ್ಲ ಸೀರೆ, ನನ್ನ ಎರಡು ನೂಲಿನ ಸೀರೆ, ಮಾವನವರ ಎರಡು ಧೋತರ, ಒಂದು ಸವೆದ ಚಾದರ. ಬಂದ ಗಿರಾಕಿಯ ಬಟ್ಟೆಯನ್ನು ಇಷ್ಟು ನಿಷ್ಠುರವಾಗಿ ಆರಿಸುವ ಕೆಲಸಗಾರರನ್ನು ನಾನು ನೋಡಿರಲಿಲ್ಲ. ಏನು ಕೊಟ್ಟರೂ ಸೇರಿಸಿ ಹೊಲಿದು ದುಡ್ಡು ತೆಗೆದುಕೊಳ್ಳಬಹುದಾಗಿತ್ತು.

ಇಳಕಲ್ಲ ಸೀರೆಯನ್ನು ಅವರು ಬಿಚ್ಚಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಈ ಸೀರೆಯಲ್ಲಿ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ (ಉದ್ದಕ್ಕೆ ಓಡುವ) ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಮೈ ನೂಲಿನದ್ದಾದರೂ ಕೆಂಪು ಸೆರಗು ರೇಶಿಮೆಯದ್ದಾಗಿರುತ್ತದೆ. ಅತ್ತೆಯವರ ಸೀರೆಯ ಮೈ ಮೊಣಕಾಲಿನ ಹತ್ತಿರ, ಕುಳಿತಲ್ಲಿ ಕುಳಿತಲ್ಲಿ ಸವೆದು ಜಾಳಾಗಿತ್ತು, ಸೆರಗು ಮಾತ್ರ ಗಟ್ಟಿಯಿತ್ತು. ಸೊಸೆ ಕೊಂಡಿಯ ಗೆರೆಯ ಗುಂಟ ಕತ್ತರಿ ಓಡಿಸಿ ಸೆರಗನ್ನು ಬೇರೆ ಮಾಡಿ, ಅದರ ತೋಪು ತೆನೆಯ ಬಿಳಿ ಚಿತ್ತಾರ ಕೌದಿಯ ನಟ್ಟನಡುವೆ ಬರುವಂತೆ ತೆಗೆದಿಟ್ಟಳು. ದಡಿಗಳನ್ನು ನಾಲ್ಕೂ ಸುತ್ತ ಅಂಚಾಗಿ ಕೂರಿಸಲು ಬೇರೆ ಸುತ್ತಿಟ್ಟಳು. ಜಾಳಾದ ಮೈ ಒಳಪದರಕ್ಕೆ ಹೋಯಿತು, ಅಲ್ಲಿ ಅದಕ್ಕೆ ಎಳೆತ ಬೀಳುವುದಿಲ್ಲ. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಹಳೆ ಕುಬಸವೊಂದು ಗಂಟಿನ ತಳದಲ್ಲಿ ಸಿಕ್ಕಿದ್ದನ್ನು ನಾನು ಬಿಸಾಡಬೇಕೆಂದಿದ್ದೆ. ಅದರ ಬೆನ್ನಿನ ಬಟ್ಟೆಯಿಂದ ನಾಲ್ಕು ಮೂಲೆಗೆ ನಾಲ್ಕು ತ್ರಿಕೋನ ಕತ್ತರಿಸಿದರು. ಅಂಗೈಯಷ್ಟು ತುಣುಕೂ ನೆಲದ ಮೇಲೆ ಉಳಿಯಲಿಲ್ಲ.

ಅಳತೆಯ ಲೆಕ್ಕ ತಿಳಿದಿದ್ದರೆ ಹೊಲಿಸುವವರಿಗೆ ಅನುಕೂಲ. ಐದೂವರೆ ಮೀಟರಿನ ಸೀರೆಯನ್ನು ನಡುವೆ ಕತ್ತರಿಸಿ ಎರಡು ತುಂಡುಗಳನ್ನು ಅಗಲದ ಬದಿಗೆ ಜೋಡಿಸಿದರೆ ಸುಮಾರು 2.75 ಮೀಟರ್ ಉದ್ದ, 2.3 ಮೀಟರ್ ಅಗಲದ ಒಂದು ಪದರವಾಗುತ್ತದೆ. ಹದಿನಾರು ಮೊಳದ ಹಳೆ ಸೀರೆಯಾದರೆ ಮೂರು ತುಂಡು ಸಿಗುತ್ತವೆ. ಇಬ್ಬರು ಮಲಗುವ ಕೌದಿಗೆ ಐದು ಪದರ ಸಾಕು. ನಾನು ಏಳೂವರೆ ಅಡಿ ಉದ್ದ, ಏಳು ಅಡಿ ಅಗಲ ಹೇಳಿದ್ದೆ. ಮುಗಿದ ಕೌದಿಯ ತೂಕ 3 ಕಿಲೋ 200 ಗ್ರಾಂ ಬಂತು.

ಹೊಲಿಗೆ ಪೂರ್ತಿ ಕೈಯಿಂದಲೇ. ಪದರಗಳನ್ನು ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಮೊದಲು ಮೊಳಕ್ಕೊಂದರಂತೆ ಕಚ್ಚಾ ಟಾಕಿ (ಹೊಲಿಗೆ) ಹಾಕುತ್ತಾರೆ. ಆಮೇಲೆ ಅಂಚಿನಿಂದ ಶುರುಮಾಡಿ, ಕೌದಿಯ ಮೇಲೆಯೇ ಕುಳಿತು, ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ, ಟಾಕಿಯ ಉದ್ದ ಜೋಳದ ಕಾಳಿಗಿಂತ ತುಸು ಹೆಚ್ಚು. ನಾನು ಮನೆಯಲ್ಲಿ ಲೆಕ್ಕ ಹಾಕಿ ನೋಡಿದೆ: ಬೆರಳಿನ ಅಂತರವನ್ನು ಎರಡು ಸೆಂಟಿಮೀಟರ್ ಎಂದು ಹಿಡಿದರೆ ಇಡೀ ಕೌದಿಯಲ್ಲಿ ಸುಮಾರು 244 ಮೀಟರ್ ಉದ್ದದ ಹೊಲಿಗೆಯಿದೆ. ಐದು ಪದರ ದಾಟಿ ಸೂಜಿ ಎಳೆಯುವಾಗ ಹಿರಿಯಾಕೆಯ ತೋರುಬೆರಳಿಗೆ ಸುತ್ತಿದ್ದ ಚಿಂದಿ ಬಟ್ಟೆ ಹರಿದು, ಎರಡು ಸಲ ಬದಲಾಗಿದ್ದನ್ನು ನಾನೇ ಕಂಡಿದ್ದೇನೆ.

ಇದಕ್ಕೆ ಅವರು ಕೇಳಿದ್ದು 1,900 ರೂಪಾಯಿ, ದಾರವೂ ಅವರದ್ದೇ. ಇಬ್ಬರೂ ಸೇರಿ ಸುಮಾರು 60 ತಾಸು ಕುಳಿತಿದ್ದಾರೆಂದು ಸೊಸೆ ಹೇಳಿದಳು. ಹಾಗೆಂದರೆ ತಾಸಿಗೆ 32 ರೂಪಾಯಿಯೂ ಬೀಳುವುದಿಲ್ಲ. ಈ ದರ ನನಗೆ ಸರಿಯೆನಿಸಲಿಲ್ಲ. ಕಡಿಮೆ ಬೆಲೆ ಈ ಸೇವೆಯ ಗುಣವೆಂದು ನಾನು ಹೊಗಳಲಾರೆ, ಅದು ನಮ್ಮೆಲ್ಲರ ಕೊರತೆ. 2,500 ಕೊಟ್ಟೆ, ಅವರು ಹಿಂದಿರುಗಿಸಲು ಬಂದಾಗ ಉಡಿ ಎಂದು ತಿಳಿಯಿರಿ ಎಂದು ಹೇಳಿ, ಜೊತೆಗೆ ಜೋಳ ಬೆಲ್ಲ ಇಟ್ಟು ಬಂದೆ. ಅಲ್ಲಿಗೆ ಹೋಗುವವರು ಚೌಕಾಸಿ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕುಂದುಗಳನ್ನೂ ಹೇಳಬೇಕು. ಹದಿನೈದು ದಿನದ ಮಾತು ಇಪ್ಪತ್ತಾರು ದಿನಕ್ಕೆ ಹೋಯಿತು. ನಡುವೆ ಅವರ ಬೀಗರ ಮನೆಯಲ್ಲಿ ಮದುವೆಯಿತ್ತು, ಮುಂಚೆಯೇ ತಿಳಿಸಬಹುದಾಗಿತ್ತು. ಅಗಲದಲ್ಲಿ ಮೂರು ಇಂಚು ಕಡಿಮೆ ಬಂದಿದೆ, ಏಕೆಂದರೆ ಹೊಲಿಯುತ್ತ ಹೋದಂತೆ ಬಟ್ಟೆ ಸೇದಿಕೊಳ್ಳುತ್ತದೆ. ಆದ್ದರಿಂದ ಬೇಕಾದದ್ದಕ್ಕಿಂತ ಅರ್ಧ ಅಡಿ ಹೆಚ್ಚಿಗೆ ಹೇಳುವುದು ಒಳ್ಳೆಯದು. ಅವರು ಬಳಸಿದ ಕೆಂಪು ದಾರ ಮೊದಲ ಒಗೆತದಲ್ಲಿ ಬಣ್ಣ ಬಿಟ್ಟು, ಕೆಳಬದಿಯ ಬಿಳಿ ಧೋತರದ ಮೇಲೆ ಅಲ್ಲಲ್ಲಿ ನಸುಗೆಂಪು ಕಲೆ ಉಳಿದಿದೆ. ದಾರವನ್ನು ನೀರಿನಲ್ಲಿ ನೆನೆಸಿ ನೋಡಿ ಬಳಸಿರಿ, ಇಲ್ಲವೇ ಬಿಳಿ ದಾರ ಹಾಕಿರಿ ಎಂದು ಮೊದಲೇ ಹೇಳಬೇಕಿತ್ತು.

ಒಗೆಯುವುದು ಸುಲಭದ ಕೆಲಸವಲ್ಲ. ಒದ್ದೆಯಾದ ಕೌದಿಯನ್ನು ಒಬ್ಬರೇ ಎತ್ತಲಾಗುವುದಿಲ್ಲ, ನಮ್ಮ ವಾಶಿಂಗ್ ಮಶೀನಿನಲ್ಲಿ ಅದು ತಿರುಗಲೂ ಇಲ್ಲ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಘಟಪ್ರಭೆಯ ದಂಡೆಗೆ ಹೊತ್ತೊಯ್ದು, ಹೆಂಗಸರು ಇಬ್ಬಿಬ್ಬರಾಗಿ ಹಿಂಡಿ, ಬಂಡೆಯ ಮೇಲೆ ಹರವಿ ಬರುತ್ತಿದ್ದುದು ಹಳೆ ಊರಿನ ರೂಢಿ. ನವನಗರದ ಮನೆಯಲ್ಲಿ ಆ ದಂಡೆಯೂ ಇಲ್ಲ, ಬಂಡೆಯೂ ಇಲ್ಲ. ನಾನು ಗಚ್ಚಿಯ ಮೇಲೆ ನೆನೆಸಿ, ಕಾಲಿನಿಂದ ತುಳಿದು, ಮಗನ ಜೊತೆ ಎರಡೂ ತುದಿ ಹಿಡಿದು ಹಿಂಡಿದೆ. ಬೇಸಿಗೆಯಾದ್ದರಿಂದ ಒಂದೇ ಬಿಸಿಲಿಗೆ ಒಣಗಿತು. ಮಳೆಗಾಲದಲ್ಲಿ ಈ ಸಾಹಸ ಬೇಡ.

ಈಗ ಹೊದ್ದ ಅನುಭವ. ಡಿಸೆಂಬರ್ ಜನವರಿಯ ರಾತ್ರಿಗಳಿಗೆ ಕೌದಿಯೊಂದೇ ಸಾಕಾಯಿತು. ಅದರ ಭಾರ ಮೈಮೇಲೆ ಹರಡಿಕೊಳ್ಳುವ ರೀತಿ ಬೇರೆ, ಕಾಲಿನ ಕಡೆಯಿಂದ ಜಾರಿ ಹೋಗುವುದಿಲ್ಲ. ಏಪ್ರಿಲ್ ಮೇ ತಿಂಗಳ ಧಗೆಯಲ್ಲಿ ಅದನ್ನೇ ನೆಲಕ್ಕೆ ಹಾಸಿಕೊಂಡು ಮಲಗಿದೆವು, ಬೆವರನ್ನು ಹೀರಿಕೊಂಡು ಬೆನ್ನಿಗೆ ತಂಪಾಗಿತ್ತು. ಪಾಲಿಯೆಸ್ಟರ್ ನಾರು ತುಂಬಿದ ಕಂಫರ್ಟರು ನಮ್ಮ ಊರಿನ ಹವೆಗೆ ವರ್ಷದಲ್ಲಿ ಎರಡು ತಿಂಗಳು ಉಪಯೋಗಕ್ಕೆ ಬಂದರೆ ಹೆಚ್ಚು. ಉಳಿದ ಹತ್ತು ತಿಂಗಳು ಅದು ಅಟ್ಟದ ಜಾಗ ತಿನ್ನುತ್ತದೆ. ನಮ್ಮದರಲ್ಲಿ ನಾಲ್ಕನೆಯ ಒಗೆತಕ್ಕೆ ಒಳಗಿನ ನಾರು ಗಡ್ಡೆಗಟ್ಟಿ ಮೂಲೆ ಸೇರಿತು, ಬಿಚ್ಚಿ ಸರಿಮಾಡಲು ದಾರಿಯಿಲ್ಲ. ಕೌದಿ ಹರಿದರೆ ಹರಿದ ಜಾಗಕ್ಕೊಂದು ತ್ಯಾಪಿ ಹಚ್ಚಬಹುದು. ತೀರಾ ಸವೆದರೆ ಅದರ ಮೇಲೆಯೇ ಹೊಸ ಪದರ ಹಾಕಿ ಹೊಲಿಯಬಹುದು. ಅತ್ತೆಯವರ ಹಳೆ ಕೌದಿಯ ಒಂದು ಮೂಲೆ ಬಿಚ್ಚಿ ನೋಡಿದಾಗ ಒಳಗೆ ಇನ್ನೊಂದು ಇಡೀ ಕೌದಿಯೇ ಇತ್ತು.

ಅಂಗಡಿಗಳಲ್ಲಿ, ಆ್ಯಪುಗಳಲ್ಲಿ ಈಗ ಸಿದ್ಧ ಕೌದಿಗಳೂ ಸಿಗುತ್ತವೆ. ಹೊಸ ಬಟ್ಟೆಯ ಮೇಲೆ ತೇಪೆಯಂತೆ ಕಾಣುವ ಚೌಕಗಳನ್ನು ಪ್ರಿಂಟ್ ಮಾಡಿ ಮಶೀನಿನಲ್ಲಿ ಹೊಲಿದವು ಕೆಲವು, ಹೊಸ ಥಾನು ಕತ್ತರಿಸಿ ತುಂಡು ಜೋಡಿಸಿದವು ಕೆಲವು. ಹಳೆಯದರ ರೂಪಕ್ಕಾಗಿ ಹೊಸದನ್ನು ಕತ್ತರಿಸುವುದು ನನಗೆ ನೋವಿನ ವಿಷಯ. ಅದನ್ನು ಕೊಂಡರೆ ಮನೆಯಲ್ಲಿ ಇನ್ನೊಂದು ವಸ್ತು ಹೆಚ್ಚಾಗುತ್ತದೆಯೇ ಹೊರತು ಒಂದೂ ಕಡಿಮೆಯಾಗುವುದಿಲ್ಲ.

ಹೀಗೆ ಹೇಳಿದಾಗ ನನ್ನ ಅಕ್ಕ ಒಂದು ಪ್ರಶ್ನೆ ಕೇಳಿದಳು. ಅವಳು ಬನಹಟ್ಟಿಯಲ್ಲಿರುವವಳು, ಅವಳ ಓಣಿಯಲ್ಲಿ ಬೆಳಗಿನಿಂದ ಮಗ್ಗದ ಸದ್ದು. ಎಲ್ಲರೂ ಕೊಳ್ಳುವುದು ಬಿಟ್ಟರೆ ನೇಕಾರರ ಗತಿಯೇನು ಎಂದಳು. ಇಳಕಲ್ಲ, ಗುಳೇದಗುಡ್ಡ, ರಬಕವಿ, ಬನಹಟ್ಟಿ, ಮಹಾಲಿಂಗಪುರಗಳಿರುವ ಜಿಲ್ಲೆಯಲ್ಲಿ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಾನು ನನ್ನ 61 ಸೀರೆಗಳ ಪಟ್ಟಿ ಅವಳ ಮುಂದಿಟ್ಟೆ. ಅದರಲ್ಲಿ ಕೈಮಗ್ಗದವು ನಾಲ್ಕು. ಉಳಿದವು ಆಫರಿನಲ್ಲಿ, ಅವಸರದಲ್ಲಿ, ಯಾರೋ ಉಟ್ಟದ್ದನ್ನು ನೋಡಿ ತಂದವು, ಹೆಚ್ಚಿನವು ಕೃತಕ ನೂಲಿನವು. ಅವುಗಳ ದುಡ್ಡು ನಮ್ಮ ನೇಕಾರರ ಮನೆಗೆ ಹೋಗಲಿಲ್ಲ. ಎರಡು ವರ್ಷಕ್ಕೊಂದು ಒಳ್ಳೆಯ ಕೈಮಗ್ಗದ ಸೀರೆ ತಂದು, ಅದನ್ನು ಉಟ್ಟು ಸವೆಸಿ, ಸವೆದ ಮೇಲೆ ಕೌದಿ ಮಾಡುತ್ತಿದ್ದ ಅತ್ತೆಯವರೇ ನೇಕಾರರಿಗೆ ನನಗಿಂತ ಹತ್ತಿರದವರಾಗಿದ್ದರು.

ಆ ಇಪ್ಪತ್ತಾರು ದಿನಗಳ ಬಗ್ಗೆ ಇನ್ನೊಂದು ಮಾತು. ತಡವಾದದ್ದನ್ನು ಮೇಲೆ ಕುಂದೆಂದೇ ಬರೆದಿದ್ದೇನೆ, ಅದನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ನನಗೆ ದೊಡ್ಡ ಉಪಕಾರ ಮಾಡಿದ್ದೂ ಆ ದಿನಗಳೇ. ಎರಡನೆಯ ವಾರ ಹೋಗಿ, ಬೇಗ ಕೊಡಲಾಗುವುದೇ ಎಂದು ಕೇಳಿದಾಗ ಹಿರಿಯಾಕೆ ಸೂಜಿಯಿಂದ ಕಣ್ಣೆತ್ತದೆ, 'ಅವಸರ ಇದ್ರ ಪ್ಯಾಟಿಗಿ ಹೋಗ್ರಿ, ಸಂಜೀಕ ಸಿಗತೈತಿ' ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಹೇಳಿದ್ದರು. ನಾನು ಅಲ್ಲೇ ಕುಳಿತೆ. ಅತ್ತೆಯವರು ಅರಿಷಿಣದ ಕೈ ಒರೆಸಿಕೊಂಡಿದ್ದ ಕಲೆ ಇನ್ನೂ ಇದ್ದ ಸೀರೆಯ ತುಂಡಿನ ಮೇಲೆ ಸೂಜಿ ಹೋಗುತ್ತಿತ್ತು. ನಾಲ್ಕೈದು ಸಲ ಹೀಗೆ ಹೋಗಿ ಕುಳಿತು ಬಂದ ಮೇಲೆ, ರಾತ್ರಿ ಊಟವಾದ ಕೂಡಲೇ ಫೋನು ತೆಗೆದು ಸೀರೆ ಚಾದರ ನೋಡುತ್ತಿದ್ದ ನನ್ನ ಅಭ್ಯಾಸ ಸಡಿಲಾಗಿರುವುದು ಗಮನಕ್ಕೆ ಬಂತು. ಆರಿಸಿಟ್ಟಿದ್ದ ಕಂಫರ್ಟರನ್ನು ತೆಗೆದುಹಾಕಲು ನಾನು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗಿಯೂ ಬರಲಿಲ್ಲ. ಒಂದು ದಿನ ನೋಡಿದಾಗ ಅದು ಯಾಕೆ ಬೇಕಿತ್ತೆಂಬುದೇ ಹೊಳೆಯಲಿಲ್ಲ.

ಕೊನೆಯ ಮೂಲೆ ಮುಚ್ಚುವ ದಿನ ನನ್ನನ್ನು ಕರೆಸಿದ್ದರು. ಕೌದಿ ಉಪವಾಸ ಇರಬಾರದೆಂದು ಒಣ ರೊಟ್ಟಿಯ ಉಗುರಿನಷ್ಟು ತುಣುಕನ್ನು ಪದರದೊಳಗೆ ಇಟ್ಟು, ನನ್ನ ಕೈಯಿಂದಲೇ ಮೂರು ಟಾಕಿ ಹಾಕಿಸಿದರು. ನನ್ನ ಟಾಕಿಗಳು ಸೊಟ್ಟಗಿವೆ, ಈಗಲೂ ಗುರುತಿಸಬಹುದು.

ಯುಗಾದಿ ಕಳೆದ ಮೇಲೆ ಮಗಳಿಗೂ ಒಂದು ಇರಲೆಂದು ಆರು ಸೀರೆಗಳ ಗಂಟು ಕಟ್ಟಿಕೊಂಡು ಮತ್ತೆ ಹೋದೆ. ಹಿರಿಯಾಕೆ ಎಂದಿನಂತೆ ಒಂದೊಂದಾಗಿ ಬಿಚ್ಚಿ, ಬೆಳಕಿಗೆ ಹಿಡಿದು, ಎರಡನ್ನು ಇಟ್ಟುಕೊಂಡು ನಾಲ್ಕನ್ನು ಮಡಚಿ ನನ್ನ ತೊಡೆಯ ಮೇಲಿಟ್ಟರು. ಹತ್ತಿಯಲ್ಲವೇ ಎಂದು ಕೇಳಿದೆ. 'ನೂಲಿನವ ಅದಾವು. ಆದ್ರ ಇನ್ನೂ ಉಡಾಕ ಬರ್ತಾವಲ್ರಿ. ಉಟ್ಟು ಹಳೇವು ಆದಮ್ಯಾಲ ತರ್ರಿ, ಆಗ ಹೊಲದ ಕೊಡತೇನಿ' ಎಂದರು. ಇಟ್ಟುಕೊಂಡ ಎರಡರಿಂದ ಕೌದಿಯಾಗುವುದಿಲ್ಲ. ಮುಂದಿನ ಬಟ್ಟೆ ಬರುವವರೆಗೆ ಅವು ಅವರ ಪಡಸಾಲೆಯ ಗೂಡಿನಲ್ಲಿ, ನನ್ನ ಹೆಸರು ಬರೆದ ಚೀಟಿಯೊಂದಿಗೆ ಇವೆ. ತಿರುಗಿ ತಂದ ನಾಲ್ಕರಲ್ಲಿ ಹಸಿರು ದಡಿಯದನ್ನು ಈ ವಾರ ಎರಡು ಸಲ ಉಟ್ಟಿದ್ದೇನೆ.